ಹತ್ತು ಚಕ್ರದ ಹಳೆಯ ಲಾರಿಗೆ ಪವರ್ ಮತ್ತು ಮೈಲೇಜ್ ಎರಡನ್ನೂ ಹೆಚ್ಚಿಸಲು ಏನೇನು ಬದಲಾಯಿಸಬಹುದು?

ಪ್ರಶ್ನೆ: ರಾಣೆಬೆನ್ನೂರಿನ ಲಾರಿ ಮಾಲೀಕ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 2013ರ ಟಾಟಾ 2518, ಹತ್ತು ಚಕ್ರದ ಗಾಡಿ. ಬಿಎಸ್-3 (ಹಳೆಯ ಹೊಗೆ ಮಾನದಂಡ) ಕಾಲದ ಕಮ್ಮಿನ್ಸ್ 5.9 ಲೀಟರ್ ಎಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಮತ್ತು ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇವೆ, ಎಲೆಕ್ಟ್ರಾನಿಕ್ಸ್ ಏನೂ ಇಲ್ಲದ ಹಳೆಯ ರೀತಿಯ ಡೀಸೆಲ್ ಪಂಪ್. ಎರಡನೇ ಕೈಯಲ್ಲಿ ಕೊಂಡ ಗಾಡಿಯಾದ್ದರಿಂದ ಹಿಂದಿನವರು ಏನೇನು ಕೆಲಸ ಮಾಡಿಸಿದ್ದರು ಎಂಬುದಕ್ಕೆ ದಾಖಲೆ ಇಲ್ಲ. ನಾನೇ ಮಾಲೀಕ, ಹೆಚ್ಚಿನ ದಿನಗಳಲ್ಲಿ ನಾನೇ ಚಾಲಕ.

ಹಂಗಾಮಿನಲ್ಲಿ ಹಾವೇರಿ, ದಾವಣಗೆರೆ ಕಡೆಯಿಂದ ಗೋವಿನಜೋಳ ಭರ್ತಿ ಮಾಡಿ ನಾಮಕ್ಕಲ್‌ನ ಕೋಳಿ ಆಹಾರದ ಕಾರ್ಖಾನೆಗಳಿಗೆ ಹಾಕುತ್ತೇನೆ. ಹಂಗಾಮು ಮುಗಿದ ಮೇಲೆ ಪಣಂಬೂರಿನಿಂದ ಗೊಬ್ಬರ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವ ಬಾಡಿಗೆಗಳು ಸಿಗುತ್ತವೆ. ಬಯಲು ರಸ್ತೆಯಲ್ಲಿ ಭರ್ತಿ ಗಾಡಿ ಲೀಟರಿಗೆ 3.4 ಕಿ.ಮೀ. ಕೊಡುತ್ತಿದೆ. ಘಾಟಿಯಲ್ಲಿ ಎರಡನೇ ಗೇರಿಗೆ ಇಳಿದರೂ ಗಾಡಿ ಉಸಿರು ಕಟ್ಟಿದಂತೆ ಹತ್ತುತ್ತದೆ, ಹಿಂದಿನ ಬಸ್ಸುಗಳೆಲ್ಲ ಹಾರ್ನ್ ಹೊಡೆಯುತ್ತ ಕಾಯಬೇಕಾಗುತ್ತದೆ. ಡೀಸೆಲ್ 90 ರೂಪಾಯಿ ದಾಟಿರುವಾಗ ಈ ಲೆಕ್ಕದಲ್ಲಿ ಬಾಡಿಗೆ ಗಿಟ್ಟುವುದಿಲ್ಲ.

ವಿಚಾರಿಸಿದಲ್ಲೆಲ್ಲ ಒಬ್ಬೊಬ್ಬರು ಒಂದೊಂದು ದಾರಿ ಹೇಳುತ್ತಾರೆ. ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸಿದರೆ 210 ಎಚ್‌ಪಿ ಬರುತ್ತದೆ ಎಂದು ಒಬ್ಬರು, ಗುಜರಿಯಿಂದ ದೊಡ್ಡ ಟರ್ಬೋ ತಂದು ಕೂರಿಸಿ ಎಂದು ಇನ್ನೊಬ್ಬರು, ಸೈಲೆನ್ಸರ್ ಒಳಗಿನ ತಗಡುಗಳನ್ನು ತೆಗೆಸಿ ಎಂದು ಮತ್ತೊಬ್ಬರು ಸಲಹೆ ಕೊಟ್ಟಿದ್ದಾರೆ. ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತದಿಂದ ನೂರಕ್ಕೆ ಹದಿನೈದು ಉಳಿತಾಯ ಎಂದು ಮಾರಲು ಬಂದವರೂ ಇದ್ದಾರೆ. ಹಿಂದಿನ ಆಕ್ಸಲ್ಲಿನೊಳಗಿನ ಹಲ್ಲುಚಕ್ರದ ಜೋಡಿಯಾದ ಕ್ರೌನ್ ಪಿನಿಯನ್ ಬದಲಾಯಿಸುವ ಮಾತೂ ಕೇಳಿದ್ದೇನೆ. ಕೈಯಲ್ಲಿ ಒಂದೂವರೆ ಲಕ್ಷದಷ್ಟು ಹಣವಿದೆ. ಇದರಲ್ಲಿ ಮೊದಲು ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಕೈ ಹಾಕಲೇಬಾರದು ಎಂಬುದನ್ನು ಈ ಕೆಲಸ ಬಲ್ಲವರು ಕಾರಣ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹುಬ್ಬಳ್ಳಿಯ ಪಂಪ್ ಮೆಕ್ಯಾನಿಕ್

ಅಣ್ಣಾವರೇ, ನಾನು ಡೀಸೆಲ್ ಪಂಪ್ ಮತ್ತು ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಕೆಲಸದಲ್ಲೇ ಇರುವವನಾದ್ದರಿಂದ ಆ ಭಾಗದ ಮಾತಷ್ಟೇ ಹೇಳುತ್ತೇನೆ. ಟೈರು, ಆಕ್ಸಲ್ ಬಗ್ಗೆ ಬೇರೆಯವರು ನನಗಿಂತ ಚೆನ್ನಾಗಿ ಹೇಳಬಲ್ಲರು.

2518 ಎಂಬ ಹೆಸರಿನಲ್ಲೇ ಗಾಡಿಯ ಶಕ್ತಿ ಬರೆದಿದೆ: 25 ಟನ್ ಒಟ್ಟು ತೂಕ, 180ರ ಆಸುಪಾಸಿನ ಎಚ್‌ಪಿ. ನಿಮ್ಮ ಗಾಡಿ ಈಗ ಆ 180ನ್ನಾದರೂ ಕೊಡುತ್ತಿದೆಯೇ ಎಂಬುದು ನನ್ನ ಮೊದಲ ಅನುಮಾನ. ಇಷ್ಟು ವರ್ಷ ಓಡಿದ, ದಾಖಲೆ ಇಲ್ಲದ ಗಾಡಿಗಳು ನಮ್ಮ ಟೆಸ್ಟ್ ಬೆಂಚಿಗೆ ಬಂದಾಗ ಪಂಪಿನೊಳಗೆ ಸಿಲಿಂಡರಿಗೊಂದರಂತೆ ಡೀಸೆಲ್ ತಳ್ಳುವ ಆರು ಪ್ಲಂಜರ್‌ಗಳ ಪೈಕಿ ಒಂದೆರಡು ಕಡಿಮೆ ಡೀಸೆಲ್ ಕೊಡುತ್ತಿರುತ್ತವೆ, ಒಂದೆರಡು ಹೆಚ್ಚು ಕೊಡುತ್ತಿರುತ್ತವೆ. ಕಡಿಮೆ ಸಿಕ್ಕ ಸಿಲಿಂಡರ್ ದುಡಿಯುವುದಿಲ್ಲ, ಹೆಚ್ಚು ಸಿಕ್ಕ ಸಿಲಿಂಡರ್ ಹೊಗೆ ಉಗುಳುತ್ತದೆ. ಹೀಗಿರುವಾಗ ಸ್ಕ್ರೂ ತಿರುಗಿಸಿ ಆರಕ್ಕೂ ಡೀಸೆಲ್ ಏರಿಸಿದರೆ ಹೊಗೆಯೂ ಖರ್ಚೂ ಏರುತ್ತವೆಯೇ ಹೊರತು ಕಡಿಮೆ ಬೀಳುತ್ತಿದ್ದ ಸಿಲಿಂಡರ್ ಸರಿಹೋಗುವುದಿಲ್ಲ. ಆದ್ದರಿಂದ ಮೊದಲು ಪಂಪನ್ನು ಇಳಿಸಿ ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡಿಸಿ, ಎಂಜಿನ್ ಮಾದರಿಗೆ ತಯಾರಕರು ಕೊಟ್ಟಿರುವ ಟೆಸ್ಟ್ ಪ್ಲಾನ್ ಪ್ರಕಾರವೇ ಅಳತೆ ಕೂರಿಸಿ, ಸೀಸದ ಮುದ್ರೆ ಹಾಕಿಸಿಕೊಳ್ಳಿ. ಈಗ ಬಾಷ್ ಎಂದು ಹೆಸರಾಗಿರುವ, ನಾವು ಇಂದಿಗೂ ಮೈಕೋ ಎಂದೇ ಕರೆಯುವ ಬೆಂಗಳೂರಿನ ಕಂಪನಿಯ ಪಂಪುಗಳು ಬಹಳ ಬಾಳಿಕೆಯವು. ಅಧಿಕೃತ ಬಿಡಿಭಾಗ ಹಾಕುವವರಲ್ಲಿಗೇ ಹೋಗಿ, ಏಕೆಂದರೆ ನಕಲಿ ನಾಜಲ್ಲು ಮತ್ತು ಎಲಿಮೆಂಟುಗಳ (ಪ್ಲಂಜರ್ ಮತ್ತು ಅದರ ಕೊಳವೆ) ಹಾವಳಿ ಈ ಕೆಲಸದಲ್ಲಿ ಬಹಳ ಇದೆ.

ನಾಜಲ್ಲುಗಳನ್ನು ಕೈ ಪಂಪಿನ ಮೇಲೆ ನಿಮ್ಮ ಎದುರಿಗೇ ಪರೀಕ್ಷೆ ಮಾಡಿಸಿ. ಒಳ್ಳೆಯ ನಾಜಲ್ ನಿಗದಿತ ಒತ್ತಡಕ್ಕೆ ಬಂದ ಕೂಡಲೇ ಚಟ್ ಎಂದು ತೆರೆದು ಮಂಜಿನಂತೆ ಸಿಂಪಡಿಸಿ ಮುಚ್ಚಿಕೊಳ್ಳುತ್ತದೆ, ತುದಿ ಒಣಗಿಯೇ ಇರುತ್ತದೆ. ಕೆಟ್ಟ ನಾಜಲ್ಲಿನ ತುದಿಯಲ್ಲಿ ಒಂದು ಹನಿ ಜೋತಾಡುತ್ತಿರುತ್ತದೆ. ಆ ಹನಿ ಹೊತ್ತು ಮೀರಿ ಉರಿದು ಕಪ್ಪು ಹೊಗೆಯಾಗಿ ಹೋಗುವುದಲ್ಲದೆ, ಪಿಸ್ಟನ್ನಿನ ತಲೆಯ ಮೇಲೆ ಒಂದೇ ಜಾಗದಲ್ಲಿ ಬಿದ್ದು ಅಲ್ಲಿ ಗುಳಿ ತೋಡುತ್ತದೆ.

ಅದೇ ದಿನ ಟ್ಯಾಪೆಟ್ (ವಾಲ್ವಿನ ಸಂದಿಯ ಅಳತೆ) ಕೂಡ ನೋಡಿಸಿಬಿಡಿ. ಈ ಎಂಜಿನ್ನಿಗೆ ತಣ್ಣಗಿರುವಾಗ ಇನ್‌ಲೆಟ್ 0.25 ಮಿ.ಮೀ., ಎಕ್ಸಾಸ್ಟ್ 0.50 ಮಿ.ಮೀ. ಇರಬೇಕು. ನಂತರ ಟರ್ಬೋದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸುಗಳ ಕ್ಲಿಪ್ಪುಗಳಿಗೆ ಸೋಪಿನ ನೀರು ಬಳಿದು, ಎಂಜಿನ್ ರೈಸ್ ಮಾಡಿ ಗುಳ್ಳೆ ಬರುತ್ತದೆಯೇ ನೋಡಿ. ಹೋಸಿನ ಕೆಳಭಾಗದಲ್ಲಿ ಎಣ್ಣೆ ಮಿಶ್ರಿತ ಧೂಳು ಅಂಟಿಕೊಂಡಿದ್ದರೆ ಅಲ್ಲಿ ಸೀಳು ಬಿಟ್ಟಿದೆ ಎಂದೇ ಅರ್ಥ. ಘಾಟಿಯಲ್ಲಿ ಉಸಿರು ಕಟ್ಟುತ್ತದೆ ಎಂದು ಬರುವ ಗಾಡಿಗಳಲ್ಲಿ ಒಂದು ಹರಿದ ಹೋಸು, ಅಥವಾ ತೊಳೆದು ತೊಳೆದು ಹಾಳಾದ ಏರ್ ಫಿಲ್ಟರ್ ಕಾರಣವಾಗಿರುವುದನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಒಣ ಪೇಪರ್ ಫಿಲ್ಟರನ್ನು ಕಂಪ್ರೆಸರ್ ಗಾಳಿಯಲ್ಲಿ ಜೋರಾಗಿ ಊದಿದರೆ ಕಣ್ಣಿಗೆ ಕಾಣದ ರಂಧ್ರ ಬೀಳುತ್ತದೆ, ಆ ಮೂಲಕ ಹೋದ ಧೂಳು ಟರ್ಬೋದ ಚಕ್ರವನ್ನೂ ಲೈನರನ್ನೂ ತಿನ್ನುತ್ತದೆ.

ಇನ್ನು 210 ಎಚ್‌ಪಿಯ ಮಾತು. ಸ್ಕ್ರೂ ತಿರುಗಿಸಿದರೆ ಬರುವುದಿಲ್ಲ ಎಂದು ಹೇಳಲಾರೆ, ಬರುತ್ತದೆ. ಆದರೆ ಹೆಚ್ಚಿನ ಡೀಸೆಲ್ ಉರಿಯಲು ಹೆಚ್ಚಿನ ಗಾಳಿ ಬೇಕು, ಅದನ್ನು ಕೊಡಬೇಕಾದ ಟರ್ಬೋ ಹಳೆಯದೇ ಆಗಿರುತ್ತದೆ. ಅಲ್ಪಸ್ವಲ್ಪ ಏರಿಸಿದಾಗ ಇದ್ದ ಗಾಳಿಯಲ್ಲಿಯೇ ಉರಿದು ಶಕ್ತಿ ಬರುತ್ತದೆ, ಅದರಾಚೆ ಏರಿಸಿದ್ದೆಲ್ಲ ಹೊಗೆ ಮತ್ತು ಬಿಸಿ. ಭರ್ತಿ ಗಾಡಿ ಘಾಟಿಯಲ್ಲಿ ಇಪ್ಪತ್ತು ನಿಮಿಷ ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡೇ ಹೋಗುತ್ತದೆ. ಟರ್ಬೋಗೆ ಹೋಗುವ ಹೊಗೆಯ ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟಿ ಅಲ್ಲಿಯೇ ನಿಂತರೆ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಟರ್ಬೋ ಮೂರಕ್ಕೂ ಅಪಾಯ. ಆ ಬಿಸಿ ತೋರಿಸುವ ಮೀಟರ್ ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಇಲ್ಲ. ನೀರಿನ ಮೀಟರ್ ಏರುವ ಹೊತ್ತಿಗೆ ಒಳಗೆ ಆಗಬೇಕಾದದ್ದು ಆಗಿಹೋಗಿರುತ್ತದೆ. ಗುಜರಿಯ ದೊಡ್ಡ ಟರ್ಬೋ ಇನ್ನೂ ಕೆಟ್ಟ ಆಯ್ಕೆ. ಅದು ಸುತ್ತಲು ಶುರುಮಾಡುವುದೇ ತಡವಾದ್ದರಿಂದ ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ನಿಮಗೆ ಎಳೆತ ಬೇಕಾದ ಜಾಗದಲ್ಲಿಯೇ, ಗಾಡಿ ಸತ್ತಂತೆ ಆಗುತ್ತದೆ.

ಸೈಲೆನ್ಸರಿನ ತಗಡು ತೆಗೆಸುವುದರಿಂದ ಸದ್ದು ಬಿಟ್ಟರೆ ಬೇರೇನೂ ಹೆಚ್ಚಾಗದು. ತುಕ್ಕು ಹಿಡಿದು ಒಳಗೆ ಕುಸಿದಿದ್ದರೆ ಹೊಸದು ಹಾಕಿಸಿ, ಅಷ್ಟೇ.

ಉತ್ತರ: ಸಾರಿಗೆ ನಿಗಮದ ಡಿಪೊದಿಂದ ನಿವೃತ್ತನಾದ ಎಂಜಿನಿಯರ್

ಪಂಪಿನ ಬಗ್ಗೆ ಮೇಲಿನ ಉತ್ತರದಲ್ಲಿ ಬಂದಿರುವುದಕ್ಕೆ ನನ್ನ ಸಹಮತವಿದೆ. ಆದರೆ ಪ್ರಶ್ನೆ ಕೇಳಿದವರು ಪವರ್ ಮತ್ತು ಮೈಲೇಜನ್ನು ಒಂದೇ ಉಸಿರಿನಲ್ಲಿ ಕೇಳಿದ್ದಾರೆ. ಅವೆರಡರ ಲೆಕ್ಕ ಬೇರೆ ಬೇರೆ ಎಂಬುದನ್ನು ಅಂಕೆಗಳಲ್ಲಿಯೇ ತೋರಿಸುವುದು ಒಳ್ಳೆಯದು.

ಮೊದಲು ಪವರ್. 25 ಟನ್ನಿನ ಗಾಡಿ ನೂರಕ್ಕೆ ಆರರ ಏರಿನಲ್ಲಿ ಹತ್ತುವಾಗ ಏರು ಒಂದೇ ಹಿಂದಕ್ಕೆ ಎಳೆಯುವ ಬಲ ಸುಮಾರು ಒಂದೂವರೆ ಟನ್. ಟೈರಿನ ಪ್ರತಿರೋಧ ಸೇರಿಸಿಕೊಂಡು, ಗೇರ್‌ಬಾಕ್ಸ್ ಮತ್ತು ಆಕ್ಸಲ್‌ನಲ್ಲಿ ಆಗುವ ನಷ್ಟ ಕಳೆದು ಲೆಕ್ಕ ಹಾಕಿದರೆ, 180 ಎಚ್‌ಪಿ ಸರಿಯಾಗಿ ಕೊಡುವ ಎಂಜಿನ್ ಆ ಏರನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹತ್ತಬಲ್ಲದು. 210 ಎಚ್‌ಪಿ ಆದರೆ 30 ಕಿ.ಮೀ. ಅಂಥ ಏರು ಒಟ್ಟು ಹತ್ತು ಕಿಲೋಮೀಟರ್ ಇದೆ ಎಂದುಕೊಂಡರೂ 24 ನಿಮಿಷದ ದಾರಿ 20 ನಿಮಿಷಕ್ಕೆ ಇಳಿಯುತ್ತದೆ. ನಾಲ್ಕು ನಿಮಿಷಕ್ಕಾಗಿ ಎಂಜಿನ್, ಕ್ಲಚ್ ಪ್ಲೇಟ್ ಮತ್ತು ಗೇರ್‌ಬಾಕ್ಸನ್ನು ಅವುಗಳ ಮಿತಿಯಾಚೆ ದುಡಿಸಬೇಕೇ ಎಂಬುದನ್ನು ಮಾಲೀಕರೇ ತೀರ್ಮಾನಿಸಲಿ. ಡೀಸೆಲ್ ಖರ್ಚಿನಲ್ಲಂತೂ ಲಾಭವಿಲ್ಲ: ಅಷ್ಟು ಭಾರವನ್ನು 600 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಸುಮಾರು ಹನ್ನೆರಡು ಲೀಟರ್ ಡೀಸೆಲ್, ನಿಧಾನವಾಗಿ ಹತ್ತಿದರೂ ಬೇಗ ಹತ್ತಿದರೂ ಬೇಕೇ ಬೇಕು. ಇದು 25 ಟನ್ನಿನ ಲೆಕ್ಕ. ಭರ್ತಿ 30 ಟನ್ ಆದರೆ ಎಲ್ಲ ಅಂಕೆಗಳೂ ಅದೇ ಪ್ರಮಾಣದಲ್ಲಿ ಕೆಡುತ್ತವೆ. ಎರಡನೇ ಗೇರಿನಲ್ಲಿಯೂ ಗಾಡಿ ಒದ್ದಾಡುತ್ತಿದೆ ಎಂದು ನೀವು ಬರೆದಿರುವುದನ್ನು ನೋಡಿದರೆ ಎಂಜಿನ್ನಿಗಿಂತ ಮೊದಲು ವೇ ಬ್ರಿಜ್ ಚೀಟಿಯನ್ನು ನೋಡಬೇಕೆನಿಸುತ್ತದೆ. 2019ರ ತಿದ್ದುಪಡಿಯ ನಂತರ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಟನ್ನಿಗೆ 2,000 ಬೇರೆ.

ಈಗ ಮೈಲೇಜ್. ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ ಹೋರಾಡುವುದು ಎರಡರ ಜೊತೆ, ಟೈರು ಮತ್ತು ಗಾಳಿ. ಒಳ್ಳೆಯ ಸ್ಥಿತಿಯ ರೇಡಿಯಲ್ ಟೈರಿನಲ್ಲಿ 25 ಟನ್ ಗಾಡಿಗೆ ಟೈರಿನ ಪ್ರತಿರೋಧ ಸುಮಾರು 175 ಕೆ.ಜಿ. ಬಲದಷ್ಟು, ವೇಗ ಹೆಚ್ಚಾದರೂ ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಾಳಿಯ ಪ್ರತಿರೋಧ ಹಾಗಲ್ಲ, ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಮ್ಮ ಚೌಕಾಕಾರದ ಬಾಡಿಗೆ ಅದು 60 ಕಿ.ಮೀ. ವೇಗದಲ್ಲಿ ಸುಮಾರು 110 ಕೆ.ಜಿ. ಇದ್ದದ್ದು 80ರಲ್ಲಿ 190 ದಾಟುತ್ತದೆ. ಎರಡನ್ನೂ ಕೂಡಿಸಿದರೆ 60ರಲ್ಲಿ 285, 80ರಲ್ಲಿ 368; ಅಂದರೆ ಅದೇ ದಾರಿಗೆ ನೂರಕ್ಕೆ ಸುಮಾರು ಮೂವತ್ತು ಹೆಚ್ಚು ಡೀಸೆಲ್. ಎಂಜಿನ್ನಿನ ದಕ್ಷತೆಯನ್ನೂ ಸೇರಿಸಿ ಲೆಕ್ಕ ಹಾಕಿದಾಗ 60ರಲ್ಲಿ ಲೀಟರಿಗೆ 4.4 ಕೊಡಬಹುದಾದ ಗಾಡಿ 80ರಲ್ಲಿ 3.4 ಕೊಡುತ್ತದೆ. ನೀವು ಬರೆದಿರುವ ಅಂಕೆಯೂ ಅದೇ ಆಗಿರುವುದನ್ನು ಗಮನಿಸಿ. ಇದು ತಡೆಯಿಲ್ಲದ ಬಯಲು ರಸ್ತೆಯ ಲೆಕ್ಕವಾದ್ದರಿಂದ ಟೋಲು, ಊರು, ಏರಿಳಿತ ಸೇರಿದಾಗ ಸ್ವಲ್ಪ ಕಡಿಮೆಯೇ ಸಿಗುತ್ತದೆ. ಆದರೆ ವ್ಯತ್ಯಾಸದ ದಿಕ್ಕು ಬದಲಾಗುವುದಿಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ 75-80ರಲ್ಲಿ ಹೋಗುವ ರೂಢಿ ಇದ್ದರೆ, ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಅದನ್ನು 60ಕ್ಕೆ ಇಳಿಸುವುದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆ.

ಹಣ ಹಾಕಬೇಕಾದ ಮೊದಲ ಜಾಗ ಟೈರು. ನಿಮ್ಮ ಗಾಡಿ ಇನ್ನೂ ನೈಲಾನ್ ಟೈರಿನ ಮೇಲಿದ್ದರೆ ಸವೆದಂತೆಲ್ಲ ರೇಡಿಯಲ್‌ಗೆ ಬನ್ನಿ. ಜೋಡಿ ಚಕ್ರಗಳಲ್ಲಿ ಒಂದು ನೈಲಾನ್, ಇನ್ನೊಂದು ರೇಡಿಯಲ್ ಹಾಕಬೇಡಿ. ಹೊಸದರ ಪಕ್ಕಕ್ಕೆ ತೀರಾ ಸವೆದದ್ದನ್ನೂ ಹಾಕಬೇಡಿ, ಏಕೆಂದರೆ ಸುತ್ತಳತೆ ಬೇರೆಯಾದ ಎರಡು ಟೈರುಗಳು ಒಂದೇ ಹಬ್ಬಿನಲ್ಲಿ ಸುತ್ತುವಾಗ ಒಂದು ಸದಾ ಉಜ್ಜುತ್ತಲೇ ಇರುತ್ತದೆ. ಹವಾ ನೋಡಬೇಕಾದದ್ದು ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ, ಗೇಜ್ ಹಾಕಿ. ಕ್ಲೀನರ್ ರಾಡಿನಲ್ಲಿ ಹೊಡೆದು ಸದ್ದು ಕೇಳುವುದರಿಂದ ಪಂಕ್ಚರ್ ಗೊತ್ತಾಗಬಹುದು, ಇಪ್ಪತ್ತು ಪೌಂಡ್ ಕಡಿಮೆ ಇರುವುದು ಗೊತ್ತಾಗುವುದಿಲ್ಲ. ಎಂಜಿನ್ ತಿರುಗಿಸದ ಡಮ್ಮಿ ಆಕ್ಸಲ್ಲು, ಎಂಜಿನ್ ತಿರುಗಿಸುವ ಡ್ರೈವ್ ಆಕ್ಸಲ್ಲಿಗೆ ಸಮಾನಾಂತರವಾಗಿದೆಯೇ ಎಂದು ಅಲೈನ್‌ಮೆಂಟ್ ಮಾಡುವವರಲ್ಲಿ ಅಳೆಸಿ. ಬಹಳಷ್ಟು ಮಂದಿ ಮುಂದಿನ ಚಕ್ರಗಳನ್ನು ನೋಡಿಸಿ ಬಂದುಬಿಡುತ್ತಾರೆ.

ಬ್ರೇಕ್ ಹಿಡಿದುಕೊಂಡಿರುವುದು ಇನ್ನೊಂದು ಕಳ್ಳ ಖರ್ಚು. ಬ್ರೇಕ್ ಹೆಚ್ಚು ಬಳಸದ ಬಯಲು ದಾರಿಯಲ್ಲಿ ಒಂದಷ್ಟು ದೂರ ಹೋಗಿ, ಗಾಡಿಯನ್ನು ತಾನಾಗಿಯೇ ನಿಧಾನವಾಗಲು ಬಿಟ್ಟು ನಿಲ್ಲಿಸಿ, ಪ್ರತಿ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಐದು ಡ್ರಮ್ಮು ಬೆಚ್ಚಗಿದ್ದು ಆರನೆಯದು ಮುಖಕ್ಕೆ ಹೊಡೆಯುವಷ್ಟು ಬಿಸಿಯಿದ್ದರೆ ಅಲ್ಲಿ ಬ್ರೇಕಿನ ಸಡಿಲ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಅತಿಯಾಗಿ ಬಿಗಿಯಾಗಿದೆ, ರಿಟರ್ನ್ ಸ್ಪ್ರಿಂಗ್ ಹೋಗಿದೆ, ಇಲ್ಲವೇ ಬೇರಿಂಗಿನಲ್ಲಿ ಗ್ರೀಸ್ ಇಲ್ಲ.

ಗಾಳಿಯ ಪ್ರತಿರೋಧದ ಮಟ್ಟಿಗೆ ಲಾರಿಯಲ್ಲಿ ಮಾಡಬಹುದಾದದ್ದು ಕಡಿಮೆ. ತಾಡಪತ್ರಿಯನ್ನು ಎಲ್ಲಿಯೂ ಉಬ್ಬದಂತೆ ಬಿಗಿಯಾಗಿ ಕಟ್ಟುವುದು, ಖಾಲಿ ಬರುವಾಗ ಅದನ್ನು ಮಡಿಸಿ ಬಾಡಿಯೊಳಗೆ ಇಡುವುದು, ಕ್ಯಾಬಿನ್ ಮೇಲಿನ ಕ್ಯಾರಿಯರ್‌ನಲ್ಲಿ ಸಾಮಾನು ಪೇರಿಸದಿರುವುದು, ಮುಖಕ್ಕೆ ಕಟ್ಟಿದ ಅಲಂಕಾರದ ಬೋರ್ಡುಗಳನ್ನು ಬಿಚ್ಚುವುದು.

ಅಯಸ್ಕಾಂತದ ಬಗ್ಗೆ ಎರಡೇ ಮಾತು. ಇಂಧನ ಉಳಿಸುವುದಾಗಿ ಹೇಳಿಕೊಂಡ ನೂರಕ್ಕೂ ಹೆಚ್ಚು ಸಾಧನಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರಿಶೀಲಿಸಿದೆ, ಗಣನೀಯ ಉಳಿತಾಯ ಕಂಡದ್ದು ತೀರಾ ಅಪರೂಪ. ಡೀಸೆಲ್ಲಿಗೆ ಅಯಸ್ಕಾಂತದ ಗುಣವೇ ಇಲ್ಲ.

ಡಿಪೊದಲ್ಲಿ ನಾವು ಚಾಲಕರವಾರು ಕೆಎಂಪಿಎಲ್ (ಲೀಟರಿಗೆ ಎಷ್ಟು ಕಿ.ಮೀ.) ಲೆಕ್ಕ ಇಡುತ್ತಿದ್ದೆವು. ಒಂದೇ ಬಸ್ಸು, ಒಂದೇ ಮಾರ್ಗ, ಚಾಲಕ ಬದಲಾದರೆ ಅಂಕೆ ಬದಲಾಗುತ್ತಿತ್ತು. ಅಲ್ಲಿ ಕಂಡ ಒಂದು ತಪ್ಪು ನಂಬಿಕೆಯನ್ನು ಇಲ್ಲಿ ಹೇಳಲೇಬೇಕು: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎನ್ನುವುದು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಪಂಪಿನಲ್ಲಿ ಡೀಸೆಲ್ ಪ್ರಮಾಣ ನಿಯಂತ್ರಿಸುವ ಗವರ್ನರ್ ಡೀಸೆಲ್ಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಓಡಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಎಂಜಿನ್ ಬ್ರೇಕೂ ಇಲ್ಲ. ನಾಮಕ್ಕಲ್ ದಾರಿಯಲ್ಲಿ ಧರ್ಮಪುರಿ ದಾಟಿದ ಮೇಲೆ ಸಿಗುವ ತೊಪ್ಪೂರು ಇಳಿಜಾರಿನಲ್ಲಿ ಹೀಗೆ ಇಳಿದು ಬ್ರೇಕ್ ಕಾದು ಕೈಕೊಟ್ಟ ಲಾರಿಗಳ ಅಪಘಾತಗಳು ಎಷ್ಟಾಗಿವೆ ಎಂಬುದು ಆ ದಾರಿಯಲ್ಲಿ ಓಡಾಡುವ ನಿಮಗೇ ಗೊತ್ತಿರುತ್ತದೆ.

ಉತ್ತರ: ಬಿಎಸ್-6 ಗಾಡಿಯ ಮಾಲೀಕ, ಚಿತ್ರದುರ್ಗ

ಇಲ್ಲಿ ಹೊಸ ಗಾಡಿಗಳ ಮಾಲೀಕರೂ ಓದುತ್ತಿರುತ್ತಾರೆ ಎಂದು ಒಂದು ವಿಷಯ ಸೇರಿಸುತ್ತೇನೆ. ಕಾಮನ್ ರೇಲ್ ಎಂಜಿನ್ನುಗಳಲ್ಲಿ, ಅಂದರೆ ಎಲ್ಲ ಸಿಲಿಂಡರಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಕೊಡುವ ಎಲೆಕ್ಟ್ರಾನಿಕ್ ಎಂಜಿನ್ನುಗಳಲ್ಲಿ, ಸ್ಕ್ರೂ ತಿರುಗಿಸುವ ಜಾಗಕ್ಕೆ ಚಿಪ್ ಹಾಕುವುದು ಬಂದಿದೆ. ಅಗ್ಗದ ಡಬ್ಬಿಗಳು ಮಾಡುವುದಿಷ್ಟೇ: ರೇಲಿನಲ್ಲಿ ಒತ್ತಡ ಕಡಿಮೆ ಇದೆ ಎಂದು ಎಂಜಿನ್ನಿನ ಕಂಪ್ಯೂಟರಾದ ಇಸಿಎಂಗೆ ಸುಳ್ಳು ಸಿಗ್ನಲ್ ಕೊಟ್ಟು ನಿಜವಾದ ಒತ್ತಡವನ್ನು ಏರಿಸುತ್ತವೆ. ಆಗ ಇಂಜೆಕ್ಟರುಗಳಿಗೆ ಸದಾ ಹೆಚ್ಚಿನ ಹೊರೆ ಬೀಳುತ್ತದೆ, ಒಂದು ಇಂಜೆಕ್ಟರಿನ ಬೆಲೆಯಲ್ಲಿ ಹಳೆಯ ಗಾಡಿಯ ಪಂಪ್ ಕೆಲಸವೇ ಮುಗಿಯುತ್ತದೆ.

ಬಿಎಸ್-6ರಲ್ಲಿ ಇನ್ನೊಂದು ಆಮಿಷವೆಂದರೆ ಹೊಗೆಯ ಮಾಲಿನ್ಯ ತಗ್ಗಿಸುವ ಆಡ್‌ಬ್ಲೂ ಬಂದ್ ಮಾಡಿಸುವುದು. ನೂರು ಲೀಟರ್ ಡೀಸೆಲ್ಲಿಗೆ ಸುಮಾರು ಐದು ಲೀಟರ್ ಯೂರಿಯಾ ದ್ರಾವಣ ಹೋಗುತ್ತದೆ, ಅದನ್ನು ಉಳಿಸುತ್ತೇವೆ ಎಂದು ಸಾಫ್ಟ್‌ವೇರ್ ಬದಲಾಯಿಸುವವರು ಹೆದ್ದಾರಿಯುದ್ದಕ್ಕೂ ಸಿಗುತ್ತಾರೆ. ಇದು ಮಾಲಿನ್ಯ ನಿಯಂತ್ರಣ ವ್ಯವಸ್ಥೆಯನ್ನೇ ಕೆಡಿಸುವ ಕೆಲಸ, ವಾರಂಟಿಯೂ ಹೋಗುತ್ತದೆ. ಮುಂದೊಂದು ದಿನ ಬೇರೆ ಏನಾದರೂ ದೋಷ ಬಂದು ಸರ್ವಿಸ್ ಸೆಂಟರಿನಲ್ಲಿ ಲ್ಯಾಪ್‌ಟಾಪ್ ಜೋಡಿಸಿದಾಗ ಎಲ್ಲವೂ ಹೊರಬೀಳುತ್ತದೆ. ನನ್ನ ಗಾಡಿಗೆ ನಾನು ಇದಾವುದನ್ನೂ ಮುಟ್ಟಿಸಿಲ್ಲ. ಮೀಟರಿನಲ್ಲಿ ಬರುವ ಹಸಿರು ಪಟ್ಟಿಯೊಳಗೆ ಮುಳ್ಳು ಇಟ್ಟುಕೊಂಡು ಓಡಿಸುತ್ತೇನೆ, ಭರ್ತಿಗೆ ಸಾಲಿನಲ್ಲಿ ನಿಂತಾಗ ಎಂಜಿನ್ ಬಂದ್ ಮಾಡುತ್ತೇನೆ. ಪ್ರಶ್ನೆ ಕೇಳಿದವರ ಎಂಜಿನ್ ಅಳತೆಯದ್ದು ಸುಮ್ಮನೆ ನಿಂತರೂ ಗಂಟೆಗೆ ಒಂದೂವರೆ ಲೀಟರಿನಷ್ಟು ಕುಡಿಯುತ್ತದೆ.

ಉತ್ತರ: ಆರ್‌ಟಿಒ ಕಾಗದಪತ್ರದ ಕೆಲಸ ಮಾಡುವವರು

ತಾಂತ್ರಿಕ ವಿಷಯ ನನ್ನದಲ್ಲ, ಕಾನೂನಿನ ಒಂದು ಮಾತು ಮಾತ್ರ. ಮೋಟಾರು ವಾಹನಗಳ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ತಯಾರಕರು ಮೂಲತಃ ಕೊಟ್ಟ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸಿಎನ್‌ಜಿಯಂಥ ಬೇರೆ ಇಂಧನಕ್ಕೆ ಅನುಮೋದಿತ ಕಿಟ್ ಹಾಕಿಸುವುದಕ್ಕೆ ಅಲ್ಲಿಯೇ ಅವಕಾಶವಿದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಡಿ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ದಂಡಕ್ಕಿಂತ ದೊಡ್ಡ ತೊಂದರೆ ವಿಮೆಯದ್ದು: ಅಪಘಾತದ ನಂತರ ಸರ್ವೇಯರ್ ಬಂದಾಗ ಗಾಡಿಯಲ್ಲಿ ಬದಲಾವಣೆ ಕಂಡರೆ ಕ್ಲೇಮಿಗೆ ಆಕ್ಷೇಪ ಎತ್ತಲು ಅವರಿಗೆ ಕಾರಣ ಸಿಕ್ಕಂತಾಗುತ್ತದೆ. ಪಂಪ್ ಏರಿಸಿದ ಗಾಡಿ ಹೊಗೆ ತಪಾಸಣೆಯಲ್ಲಿಯೂ ಸಿಕ್ಕಿಬೀಳುತ್ತದೆ. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟತೆಯ ಅಳತೆ).

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಪಂಪ್ ಕ್ಯಾಲಿಬ್ರೇಷನ್, ಟ್ಯಾಪೆಟ್, ಹೋಸು ಮತ್ತು ಅಲೈನ್‌ಮೆಂಟ್ ಮೊದಲು ಮಾಡಿಸುತ್ತೇನೆ, ಟೈರುಗಳನ್ನು ಜೋಡಿ ಜೋಡಿಯಾಗಿ ರೇಡಿಯಲ್ ಮಾಡುತ್ತೇನೆ. ಅಯಸ್ಕಾಂತ ಮತ್ತು ದೊಡ್ಡ ಟರ್ಬೋದ ಆಸೆ ಬಿಟ್ಟೆ. ನಿವೃತ್ತ ಎಂಜಿನಿಯರ್ ಸರ್ ಅವರಲ್ಲಿ ಎರಡು ವಿಷಯ ಕೇಳಬೇಕು. ಕ್ರೌನ್ ಪಿನಿಯನ್ ಬದಲಾವಣೆಯ ಬಗ್ಗೆ ಯಾರೂ ಹೇಳಲಿಲ್ಲ. ಅದು ನನ್ನ ಗಾಡಿಗೆ ಲಾಭವೇ? ಹಾಗೆಯೇ, ಇವುಗಳಿಂದ ಮೈಲೇಜ್ ಎಷ್ಟು ಸುಧಾರಿಸಿತೆಂದು ಅಳೆಯುವ ಸರಿಯಾದ ಕ್ರಮ ಯಾವುದು? ಒಂದು ಸಲ ಹೊಸ ಟೈರು ಹಾಕಿದ ಮೇಲೆ ಮೈಲೇಜ್ ಕಡಿಮೆಯಾದಂತೆ ಕಂಡಿತು ಎಂದು ನನ್ನ ಗೆಳೆಯರೊಬ್ಬರು ಹೇಳುತ್ತಾರೆ.

ಉತ್ತರ: ನಿವೃತ್ತ ಎಂಜಿನಿಯರ್

ನಿಮ್ಮ ಗೆಳೆಯರು ಕಂಡದ್ದು ನಿಜ, ಆದರೆ ಅದು ಓಡೋಮೀಟರಿನ ಆಟ. ಸವೆದ ಟೈರಿನ ಸುತ್ತಳತೆ ಹೊಸದಕ್ಕಿಂತ ಚಿಕ್ಕದು, 10.00-20 ಅಳತೆಯ ಟೈರು ಹೊಸದಿದ್ದಾಗಿನಿಂದ ಪೂರ್ತಿ ಸವೆಯುವವರೆಗೆ ಸುತ್ತಳತೆಯಲ್ಲಿ ನೂರಕ್ಕೆ ಎರಡೂವರೆಯಷ್ಟು ವ್ಯತ್ಯಾಸ ಬರುತ್ತದೆ. ಹಳೆಯ ಟೈರಿನಲ್ಲಿ ಮೀಟರ್ ನಿಜಕ್ಕಿಂತ ಹೆಚ್ಚು ಕಿಲೋಮೀಟರ್ ತೋರಿಸುತ್ತಿತ್ತು, ಹೊಸದರಲ್ಲಿ ಅದು ನಿಂತಿತು, ಆದ್ದರಿಂದ ಮೈಲೇಜ್ ಬಿದ್ದಂತೆ ಕಂಡಿತು. ದೂರವನ್ನು ಮೀಟರಿನಿಂದಲ್ಲ, ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳಿಂದ ಅಥವಾ ಜಿಪಿಎಸ್‌ನಿಂದ ತೆಗೆದುಕೊಳ್ಳಿ. ಟ್ಯಾಂಕನ್ನು ಒಂದೇ ಬಂಕಿನಲ್ಲಿ, ಒಂದೇ ಜಾಗದಲ್ಲಿ ಗಾಡಿ ನಿಲ್ಲಿಸಿ, ಕುತ್ತಿಗೆಯವರೆಗೆ ತುಂಬಿಸಿ ಹೊರಟು, ಮರಳಿ ಬಂದು ಅಲ್ಲಿಯೇ ಕುತ್ತಿಗೆಯವರೆಗೆ ತುಂಬಿಸಿದಾಗ ಹಿಡಿದ ಲೀಟರ್ ಬರೆದುಕೊಳ್ಳಿ. ವೇ ಬ್ರಿಜ್ ತೂಕವನ್ನೂ ಪಕ್ಕದಲ್ಲಿ ಬರೆಯಿರಿ. ಭರ್ತಿ ಎರಡು ಟನ್ ಹೆಚ್ಚುಕಡಿಮೆಯಾದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಎಲ್ಲ ಕೆಲಸವನ್ನೂ ಒಂದೇ ಸಲ ಮಾಡಿಸಿದರೆ ಯಾವುದರಿಂದ ಎಷ್ಟು ಬಂತೆಂದು ತಿಳಿಯುವುದಿಲ್ಲವಾದ್ದರಿಂದ ಪಂಪ್ ಕೆಲಸಕ್ಕೂ ಟೈರಿಗೂ ನಡುವೆ ಅಂತರ ಕೊಡಿ.

ಕ್ರೌನ್ ಪಿನಿಯನ್ ವಿಷಯಕ್ಕೆ ಬಂದರೆ, ಮೊದಲು ನಿಮ್ಮಲ್ಲಿ ಈಗ ಯಾವ ಅನುಪಾತವಿದೆ ಎಂದು ತಿಳಿಯಬೇಕು. ಟಾಟಾದ ಈ ವರ್ಗದ ಆಕ್ಸಲ್‌ಗಳಲ್ಲಿ 41:6 ಮತ್ತು 41:7 (ಕ್ರೌನಿನ ಹಲ್ಲು : ಪಿನಿಯನ್ನಿನ ಹಲ್ಲು) ಎರಡೂ ಬಳಕೆಯಲ್ಲಿವೆ, ಅಂದರೆ 6.83 ಮತ್ತು 5.86. ಖಾಲಿ ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಎರಡೂ ಕಡೆ ಭದ್ರವಾಗಿ ಕಟ್ಟೆ ಕೊಟ್ಟು, ಡ್ರೈವ್ ಆಕ್ಸಲ್ಲಿನ ಒಂದು ಬದಿಯನ್ನು ಮಾತ್ರ ಜಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಗೇರನ್ನು ನ್ಯೂಟ್ರಲ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಡಿ. ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಗೇರ್‌ಬಾಕ್ಸಿನಿಂದ ಆಕ್ಸಲ್ಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೆಂದು ಎಣಿಸಿ. ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದುಕೊಂಡರೆ ಸುಲಭ. ಇನ್ನೊಂದು ಬದಿಯ ಚಕ್ರ ನಿಂತಿರುವುದರಿಂದ ಕ್ರೌನ್ ವೀಲ್ ಅರ್ಧದಷ್ಟೇ ತಿರುಗುತ್ತದೆ, ಅದಕ್ಕಾಗಿ ಎರಡು ಸುತ್ತು. ಶಾಫ್ಟ್ ಏಳಕ್ಕೆ ಸ್ವಲ್ಪ ಕಡಿಮೆ ತಿರುಗಿದರೆ 6.83, ಆರಕ್ಕೆ ಸ್ವಲ್ಪ ಕಡಿಮೆ ತಿರುಗಿದರೆ 5.86.

ಟಾಪ್ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ 6.83ರಲ್ಲಿ ಎಂಜಿನ್ ಸುಮಾರು 2,130 ಆರ್‌ಪಿಎಂ ತಿರುಗಬೇಕು, 5.86ರಲ್ಲಿ 1,830 ಸಾಕು. ಈ ಎಂಜಿನ್ನಿನ ಒಳ್ಳೆಯ ಎಳೆತ 1,500ರ ಸುತ್ತಮುತ್ತ ಇರುವುದರಿಂದ ಬಯಲು ದಾರಿಯಲ್ಲಿ ಎರಡನೆಯದೇ ಅಗ್ಗ. ನನ್ನ ಅಂದಾಜಿನಲ್ಲಿ ನೂರಕ್ಕೆ ನಾಲ್ಕೈದು ಡೀಸೆಲ್ ಉಳಿಯಬಹುದು. ಆದರೆ ಪ್ರತಿ ಗೇರಿನಲ್ಲಿಯೂ ಚಕ್ರಕ್ಕೆ ಸಿಗುವ ಎಳೆತ ನೂರಕ್ಕೆ ಹದಿನಾಲ್ಕು ಕಡಿಮೆಯಾಗುತ್ತದೆ. ಶಿರಾಡಿಯ ತಿರುವಿನಲ್ಲಿ ನಿಂತ ಭರ್ತಿ ಗಾಡಿಯನ್ನು ಮೊದಲ ಗೇರಿನಲ್ಲಿ ಎಬ್ಬಿಸುವಾಗ ಆ ಹದಿನಾಲ್ಕು ಚೆನ್ನಾಗಿಯೇ ಗೊತ್ತಾಗುತ್ತದೆ, ಕ್ಲಚ್ ಪ್ಲೇಟಿಗೆ ಇನ್ನೂ ಚೆನ್ನಾಗಿ. ನಿಮ್ಮ ಬಾಡಿಗೆಯಲ್ಲಿ ನಾಮಕ್ಕಲ್ ದಾರಿಯೇ ಮುಖ್ಯವಾಗಿದ್ದು ಗೊಬ್ಬರದ ಕೆಲಸ ಬಿಡುವ ಯೋಚನೆ ಇದ್ದರೆ ಮಾತ್ರ ಈ ಬದಲಾವಣೆ ಯೋಗ್ಯ. ಎರಡೂ ಉಳಿಯುತ್ತವೆಂದರೆ 6.83 ಇದ್ದಂತೆಯೇ ಇರಲಿ, ಬಯಲಿನಲ್ಲಿ 50-55ರ ವೇಗದಲ್ಲಿ ಹೋಗಿ. ಆಗ ಆರ್‌ಪಿಎಂ ತಾನಾಗಿ 1,800-1,950ಕ್ಕೆ ಇಳಿಯುತ್ತದೆ, ಗಾಳಿಯ ಪ್ರತಿರೋಧವೂ ಕಡಿಮೆಯಾಗುತ್ತದೆ. 5.86 ಈಗಾಗಲೇ ಇದ್ದರೆ ಮುಟ್ಟುವ ಮಾತೇ ಇಲ್ಲ.

ಬದಲಾಯಿಸುವುದೇ ಆದರೆ ಕ್ರೌನ್ ಮತ್ತು ಪಿನಿಯನ್ ಎರಡನ್ನೂ ಒಂದೇ ಜೋಡಿ ಸಂಖ್ಯೆ ಇರುವ ಸೆಟ್ಟಾಗಿ ತನ್ನಿ, ಗುಜರಿಯ ಒಂದಕ್ಕೆ ಇನ್ನೊಂದನ್ನು ಕೂಡಿಸಿದರೆ ಹಲ್ಲು ಕೂಗುತ್ತದೆ. ಸ್ಪೀಡೋಮೀಟರ್ ಗೇರ್‌ಬಾಕ್ಸಿನಿಂದ ಲೆಕ್ಕ ಹಿಡಿಯುವುದರಿಂದ 6.83 ತೆಗೆದು 5.86 ಹಾಕಿದ ಮೇಲೆ ಮೀಟರ್ 80 ತೋರಿಸುವಾಗ ಗಾಡಿ ನಿಜವಾಗಿ 93ರಲ್ಲಿ ಓಡುತ್ತಿರುತ್ತದೆ. ವೇಗ ನಿಯಂತ್ರಕವೂ ಅದೇ ಲೆಕ್ಕದಿಂದ ಮೋಸಹೋಗುತ್ತದೆ, ಓಡೋಮೀಟರ್ ಕಡಿಮೆ ದೂರ ತೋರಿಸಿ ಮೈಲೇಜ್ ಬಿದ್ದಂತೆಯೂ ಕಾಣಿಸುತ್ತದೆ. ಮೀಟರನ್ನೂ ನಿಯಂತ್ರಕವನ್ನೂ ಹೊಸ ಅನುಪಾತಕ್ಕೆ ಹೊಂದಿಸಿ ಮುದ್ರೆ ಹಾಕಿಸಿದ ನಂತರವೇ ಗಾಡಿಯನ್ನು ಭರ್ತಿಗೆ ಕಳಿಸಿ.